ಸ್ಕಾಟ್ಲೆಂಡಿನ ಸಂಸತ್ತಿಗೆ ಅರ್ಜಿ ಹಾಕಿದರೆ ನನ್ನ ಮಗನಿಗೆ ಶಾಲೆಯಲ್ಲಿ ನೆರವು ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗನಿಗೆ ಏಳು ವರ್ಷ, ಆಟಿಸಂ ಇದೆ. ಸ್ಕಾಟ್ಲೆಂಡಿಗೆ ಬಂದು ವರ್ಷವಾಗಿದೆ. ತರಗತಿಯಲ್ಲಿ ಅವನ ಪಕ್ಕ ಕೂರುತ್ತಿದ್ದ ಸಹಾಯಕಿಯನ್ನು ಬೇರೆ ಕೆಲಸಕ್ಕೆ ಹಾಕಿದ್ದಾರೆ. ಎಡಿನ್‌ಬರೋದ ಸಂಸತ್ತಿಗೆ ಅರ್ಜಿ ಹಾಕಬಹುದೆಂದು ಸ್ನೇಹಿತರು ಹೇಳಿದರು. ಆದರೆ ನೀವು ನೋಡಿದ ಕಲಾಪಗಳಲ್ಲಿ ಮೀನುಗಾರಿಕೆ ನಿಷೇಧದ ಮೇಲೆ ಸಚಿವರನ್ನು ಗಂಟೆಗಟ್ಟಲೆ ಪ್ರಶ್ನಿಸಿದರು, ಮಕ್ಕಳ ವಿಷಯ ಬಂದಾಗ ಪತ್ರ ಬರೆಯೋಣವೆಂದು ಮುಗಿಸಿದರು. ಹೀಗಿರುವಾಗ ಅರ್ಜಿಯಿಂದ ಏನು ಪ್ರಯೋಜನ ಎಂದು ಕೇಳಿದ್ದೀರಿ.

ಅರ್ಜಿ ಹಾಕಿ, ಆದರೆ ಮಗನ ನೆರವಿಗಾಗಿ ಅದರ ದಾರಿ ಕಾಯಬೇಡಿ. ಅರ್ಜಿಗಳ ಸಮಿತಿ ಒಂದು ಮಗುವಿನ ಪ್ರಕರಣವನ್ನು ಕೈಗೆತ್ತಿಕೊಳ್ಳುವುದಿಲ್ಲ, ಸ್ಥಳೀಯ ಕೌನ್ಸಿಲ್‌ನ ತೀರ್ಮಾನವನ್ನು ಬದಲಿಸುವ ಅಧಿಕಾರವೂ ಅದಕ್ಕಿಲ್ಲ. ರಾಷ್ಟ್ರಮಟ್ಟದ ನಿಯಮವೊಂದು ಬದಲಾಗಬೇಕೆಂದು ಕೇಳುವುದಕ್ಕಷ್ಟೇ ಆ ಬಾಗಿಲು. ಅದು ತೆರೆಯಲು ಒಂದೇ ಒಂದು ಸಹಿ ಸಾಕು, ನೀವು ಮತದಾರರಾಗಿರಬೇಕೆಂದೂ ಇಲ್ಲ. ಮಗನ ವಿಷಯಕ್ಕೆ ಬೇರೆ ದಾರಿ ಇದೆ, ಕೆಳಗೆ ಬರೆದಿದ್ದೇನೆ.

ನೀವು ಗಮನಿಸಿದ ವ್ಯತ್ಯಾಸ ಮಾತ್ರ ನನ್ನನ್ನು ವರ್ಷಗಟ್ಟಲೆ ಕಾಡಿದೆ. ನಾನು ಮಲ್ಪೆಯವಳು, ತಂದೆ ಬೋಟು ನಡೆಸುವ ತಾಂಡೇಲರಾಗಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯದ ಮಳೆಗಾಲದ ನಿಷೇಧವನ್ನು ನೋಡುತ್ತಲೇ ಬೆಳೆದೆ. ಈಗ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿದ್ದೇನೆ, ನನ್ನ ಮಗಳಿಗೂ ಆಟಿಸಂ ಇದೆ. ಹಾಗಾಗಿ ಎರಡೂ ಚರ್ಚೆಗಳು ನನಗೆ ಮನೆಯ ಮಾತು.

ಇದೇ ಪಶ್ಚಿಮ ಕರಾವಳಿಯ ಕ್ಲೈಡ್ ಕೊಲ್ಲಿಯನ್ನೇ ತೆಗೆದುಕೊಳ್ಳಿ. ಕಾಡ್ ಎಂಬ ಮೀನು ಮೊಟ್ಟೆಯಿಡುವ ಜಾಗವನ್ನು ಪ್ರತಿವರ್ಷ ಫೆಬ್ರವರಿ 14ರಿಂದ ಏಪ್ರಿಲ್ 30ರವರೆಗೆ ಮುಚ್ಚುವ ಪದ್ಧತಿ 2002ರಲ್ಲಿ ಶುರುವಾಯಿತು. ಆದರೆ ಸಿಗಡಿ ಹಿಡಿಯುವ ಟ್ರಾಲ್‌ಬೋಟುಗಳಿಗೆ, ತಳಕ್ಕೆ ಬೋನು ಇಳಿಸುವವರಿಗೆ, ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯನ್ನು ಬಾಚುವ ದೋಣಿಗಳಿಗೆ ವಿನಾಯಿತಿ ಇತ್ತು. 2022ರಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು. ಗಂಡು ಕಾಡ್ ಸಂತಾನದ ಕಾಲದಲ್ಲಿ ಕಡಲತಳದ ಬಳಿ ಜಾಗ ಹಿಡಿದು ಕಾಯುತ್ತದೆ, ತಳ ಕದಡಿದರೆ ಆ ವರ್ಷದ ಸಂತಾನವೇ ಕೆಡುತ್ತದೆ ಎಂಬುದು ಸರ್ಕಾರದ ವಾದ. ಇಪ್ಪತ್ತು ವರ್ಷ ಮುಚ್ಚಿದರೂ ಕಾಡ್ ಚೇತರಿಸಿಕೊಂಡಿಲ್ಲ, ಹಾಗಾದರೆ ನಮ್ಮ ದುಡಿಮೆಯನ್ನೇಕೆ ಕಸಿಯುತ್ತೀರಿ ಎಂದು ಮೀನುಗಾರರು ಕೇಳಿದರು. ಚೇತರಿಸಿಕೊಳ್ಳದಿರಲು ಆ ವಿನಾಯಿತಿಯೇ ಕಾರಣ ಎಂದು ಪರಿಸರದವರು ಹೇಳಿದರು. ಮೊದಲ ಆದೇಶವನ್ನು ಸರ್ಕಾರ ಹಿಂಪಡೆದು, ಮುಚ್ಚುವ ಪ್ರದೇಶವನ್ನು ಕಿರಿದು ಮಾಡಿ ಮತ್ತೊಂದನ್ನು ತಂದಿತು. ಸಂಸತ್ತಿನ ಗ್ರಾಮೀಣ ವ್ಯವಹಾರಗಳ ಸಮಿತಿ ಅದನ್ನು ಪರಿಶೀಲನೆಗೆ ತೆಗೆದುಕೊಂಡಿತು.

ಪರಿಶೀಲನೆಗೆ ಈ ಬಿಗಿ ಎಲ್ಲಿಂದ ಬಂತು? ಮೀನುಗಾರಿಕೆಯ ನಿರ್ಬಂಧ ಒಂದು ಆದೇಶವಾಗಿ ಸಂಸತ್ತಿನ ಮುಂದೆ ಬರುತ್ತದೆ. ಅದರಲ್ಲಿ ದಿನಾಂಕವಿದೆ, ಅಕ್ಷಾಂಶ ರೇಖಾಂಶವಿದೆ, ಸಹಿ ಹಾಕಿದ ಸಚಿವರಿದ್ದಾರೆ. ಮಂಡನೆಯಾದ 40 ದಿನಗಳೊಳಗೆ ಸಂಸತ್ತು ಬೇಡವೆಂದರೆ ಅದು ರದ್ದಾಗುತ್ತದೆ. ಹೀಗೆ ದಿನ ಗೊತ್ತಾಗಿರುವುದರಿಂದ ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬ ಗೊಂದಲವಿಲ್ಲ. 2023ರಲ್ಲಿ ಇನ್ನೂ ದೊಡ್ಡದೊಂದು ನಡೆಯಿತು. ಸ್ಕಾಟ್ಲೆಂಡಿನ ಕಡಲಿನ ಕನಿಷ್ಠ ಶೇ 10ರಷ್ಟು ಭಾಗದಲ್ಲಿ ಮೀನುಗಾರಿಕೆಯನ್ನು ಪೂರ್ತಿ ನಿಲ್ಲಿಸುವ ಯೋಜನೆ ಆಗಿನ್ನೂ ಸಮಾಲೋಚನೆಯ ಹಂತದಲ್ಲಿತ್ತು. ದ್ವೀಪಗಳ ಜನ ಎದ್ದು ನಿಂತರು. ಆಗ ಆಡಳಿತ ಪಕ್ಷದ ಸದಸ್ಯರೇ ಆಗಿದ್ದ ಫರ್ಗಸ್ ಯೂಯಿಂಗ್ ಸದನದಲ್ಲಿ ಆ ಸಮಾಲೋಚನಾ ಪತ್ರವನ್ನು ಹರಿದು ಹಾಕಿದರು. ಜೂನ್ ತಿಂಗಳ ಕೊನೆಗೆ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಮಕ್ಕಳ ನೆರವಿಗೆ ಇಂಥ ದಿನವೇ ಇಲ್ಲ. ಹಾಗೆಂದು ಕಾನೂನಿಗೆ ಬಡತನವಿಲ್ಲ: ಹೆಚ್ಚುವರಿ ನೆರವು ಬೇಕಾದ ಮಕ್ಕಳಿಗಾಗಿ 2004ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದ್ದಾರೆ, ವೈದ್ಯರ ಚೀಟಿ ಇಲ್ಲದಿದ್ದರೂ ಅಗತ್ಯವಿದ್ದರೆ ನೆರವು ಕೊಡಬೇಕು ಎನ್ನುವ ಒಳ್ಳೆಯ ಕಾಯ್ದೆ ಅದು. 2024ರ ಶಾಲಾ ಗಣತಿಯಲ್ಲಿ ಇಂಥ ಅಗತ್ಯ ದಾಖಲಾದ ಮಕ್ಕಳು ಶೇ 40.5. ಆದರೆ ನೆರವು ಕೊಡಬೇಕಾದವರು 32 ಕೌನ್ಸಿಲ್‌ಗಳು. ಒಂದು ಶಾಲೆಯಲ್ಲಿ ಸಹಾಯಕಿಯ ಗಂಟೆ ಕಡಿತವಾದರೆ ಯಾವ ಆದೇಶವೂ ಹೊರಡುವುದಿಲ್ಲ, ಯಾವ ಸಚಿವರ ಸಹಿಯೂ ಬೀಳುವುದಿಲ್ಲ. ಸಂಸತ್ತಿನ ಶಿಕ್ಷಣ ಸಮಿತಿ ಈ ಕುರಿತು ವಿಚಾರಣೆ ನಡೆಸಿ 2024ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಕಾನೂನಿಗೂ ತರಗತಿಯಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ಮುಚ್ಚುಮರೆಯಿಲ್ಲದೆ ಹೇಳಿತು. ಅದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ಕೋಪವೂ ಬಂತು. ಕಾಡ್ ಮೀನಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆ ಬಿಗಿ ಪರಿಶೀಲನೆ ಮೀನಿಗೂ ಬೇಕು, ಮೀನುಗಾರನಿಗೂ ಬೇಕು. ನಮ್ಮ ಮಕ್ಕಳಿಗೂ ಅಷ್ಟೇ ಬಿಗಿಯಾದದ್ದು ಬೇಕು ಎಂಬುದಷ್ಟೇ ನನ್ನ ಮಾತು.

ಈಗ ನಿಮ್ಮ ಮಗನ ವಿಷಯ. ಆ ಕಾಯ್ದೆಯಲ್ಲಿ ಗಡಿಯಾರ ಕಟ್ಟಿದ ಭಾಗವೊಂದಿದೆ, ಅದನ್ನು ಹಿಡಿಯಿರಿ. ಅಗತ್ಯ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರುವಂಥದ್ದಾಗಿ, ಶಾಲೆಯ ಜೊತೆಗೆ ಆರೋಗ್ಯ ಇಲಾಖೆಯಂಥ ಇನ್ನೊಂದು ಕಡೆಯಿಂದಲೂ ಗಣನೀಯ ನೆರವು ಬೇಕಿದ್ದರೆ, ಸಮನ್ವಯದ ನೆರವು ಯೋಜನೆಯನ್ನು ಕೇಳಬಹುದು. ಶಾಲೆಯವರು ಅದನ್ನು ಸಿಎಸ್‌ಪಿ ಎನ್ನುತ್ತಾರೆ. ಲಿಖಿತವಾಗಿ ಕೇಳಿದರೆ ಕೌನ್ಸಿಲ್ ಎಂಟು ವಾರದಲ್ಲಿ ಉತ್ತರಿಸಬೇಕು, ಒಪ್ಪಿದರೆ ಮುಂದಿನ 16 ವಾರದಲ್ಲಿ ಯೋಜನೆ ಸಿದ್ಧವಾಗಬೇಕು. ಕೊಡದಿದ್ದರೆ ನ್ಯಾಯಮಂಡಳಿಗೆ ಹೋಗಬಹುದು. ಈ ಯೋಜನೆ ಸಿಕ್ಕ ಮಕ್ಕಳು ನೂರಕ್ಕೆ ಒಬ್ಬರೂ ಇಲ್ಲ. ಹಲವು ತಂದೆತಾಯಿಗಳಿಗೆ ಅದರ ಹೆಸರೇ ತಿಳಿದಿರುವುದಿಲ್ಲ. ನಿಮ್ಮ ಮಗನಿಗೆ ಅದು ಅನ್ವಯಿಸದಿದ್ದರೂ, ಅವನ ಅಗತ್ಯವೇನೆಂದು ಗುರುತಿಸುವಂತೆ ಕೌನ್ಸಿಲ್ಲನ್ನು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಎಚ್ಚರಿಕೆ, ಇದು ಕನ್ನಡದವರಿಗೆಂದೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಮನೆಮಾತಲ್ಲದ ಮಕ್ಕಳನ್ನೂ ಇಲ್ಲಿ ಹೆಚ್ಚುವರಿ ನೆರವಿನ ಪಟ್ಟಿಗೆ ಸೇರಿಸುತ್ತಾರೆ. ನನ್ನ ಮಗಳು ತರಗತಿಯಲ್ಲಿ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂರುತ್ತಿದ್ದಳು. ಮನೆಯಲ್ಲಿ ಕನ್ನಡ ಮಾತನಾಡುವುದರಿಂದ ಹೀಗೆ, ಇಂಗ್ಲಿಷ್ ಬಂದ ಮೇಲೆ ಸರಿಹೋಗುತ್ತದೆ ಎಂದರು ಶಾಲೆಯವರು. ನಾವು ನಂಬಿದೆವು, ಮನೆಯಲ್ಲಿ ಕನ್ನಡವನ್ನು ಕಡಿಮೆ ಮಾಡಿದೆವು. ಅವಳ ಅಜ್ಜಿಯ ಜೊತೆ ಫೋನಿನಲ್ಲಿ ಆಡುತ್ತಿದ್ದ ನಾಲ್ಕು ಮಾತೂ ನಿಂತುಹೋಯಿತು, ಕಿವಿ ಮುಚ್ಚಿಕೊಳ್ಳುವುದು ನಿಲ್ಲಲಿಲ್ಲ. ಒಂದು ವರ್ಷ ಹಾಗೆ ಕಳೆಯಿತು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಊರಿನಲ್ಲಿ ಮಾಡಿಸಿದ ತಪಾಸಣೆಯ ಕಾಗದಗಳಿದ್ದರೆ ಪತ್ರದ ಜೊತೆ ಲಗತ್ತಿಸಿ, ಕನ್ನಡದಲ್ಲೂ ಅವನಿಗೆ ಇದೇ ತೊಂದರೆ ಇತ್ತೆಂದು ಉದಾಹರಣೆ ಕೊಟ್ಟು ಬರೆಯಿರಿ.

ಈ ಪತ್ರವೆಲ್ಲ ಕೌನ್ಸಿಲ್‌ಗೆ ಹೋದ ಮೇಲೆ ಸಂಸತ್ತಿನ ಅರ್ಜಿ ಬರೆಯಲು ಕೂರಿ. ಹೆಚ್ಚು ಹಣ ಕೊಡಿ, ಹೆಚ್ಚು ಸಿಬ್ಬಂದಿ ಕೊಡಿ ಎಂದು ಬರೆದರೆ ಸರ್ಕಾರ ತಾನು ಈಗಾಗಲೇ ಕೊಟ್ಟಿರುವ ಹಣದ ಲೆಕ್ಕವನ್ನು ಕಳುಹಿಸುತ್ತದೆ, ಸಮಿತಿ ಅದನ್ನು ಓದಿ ಮುಗಿಸುತ್ತದೆ. ಅದರ ಬದಲು, ಮಗುವಿಗೆ ಕೊಡುತ್ತಿದ್ದ ನೆರವನ್ನು ಕಡಿತಗೊಳಿಸುವ ಮುನ್ನ ಕಾರಣ ಮತ್ತು ದಿನಾಂಕದೊಂದಿಗೆ ಪೋಷಕರಿಗೆ ಲಿಖಿತ ಸೂಚನೆ ಕೊಡುವುದು ಎಲ್ಲ ಕೌನ್ಸಿಲ್‌ಗಳಿಗೂ ಕಡ್ಡಾಯವಾಗಲಿ ಎಂದು ಕೇಳಿ. ಮಲ್ಪೆಯ ಬೋಟಿನವನಿಗೂ ಕ್ಲೈಡ್‌ನ ಬೋಟಿನವನಿಗೂ ಬಲೆ ಯಾವ ದಿನ ಮೇಲೆತ್ತಬೇಕೆಂದು ಮೊದಲೇ ಗೊತ್ತಿರುತ್ತದೆ. ಸಹಾಯಕಿ ಇನ್ನು ಬರುವುದಿಲ್ಲ ಎಂಬುದು ನಿಮಗೆ ಗೊತ್ತಾದದ್ದು ಮಗ ಅಳುತ್ತ ಮನೆಗೆ ಬಂದ ದಿನ ಎಂದು ಬರೆದಿದ್ದೀರಿ. ಅರ್ಜಿಯ ಮೊದಲ ಸಾಲು ಅದೇ ಆಗಲಿ. ಕರಡು ಸಿದ್ಧವಾದರೆ ಇಲ್ಲಿ ಹಾಕಿ, ಓದಿ ಕೊಡುತ್ತೇನೆ.