ಓದುಗರ ಪ್ರಶ್ನೆ: 2³¹−1 ಅವಿಭಾಜ್ಯವೆಂದು ತಿಳಿದದ್ದು ಹೇಗೆ?

ಪ್ರಶ್ನೆ: 2,14,74,83,647 ಎಂಬ ಸಂಖ್ಯೆ ಅವಿಭಾಜ್ಯವೆಂದು 1772ರಲ್ಲೇ ಗಣಿತಜ್ಞ ಆಯ್ಲರ್ ತೋರಿಸಿದ್ದರೆಂದು ಓದಿದೆ. ಗಣಕವಿಲ್ಲದ ಕಾಲದಲ್ಲಿ ಇದು ಸಾಧ್ಯವಾದದ್ದು ಹೇಗೆ? ಘಾತಾಂಕ 31 ಅವಿಭಾಜ್ಯವಾಗಿರುವುದೇ ಇದಕ್ಕೆ ಸಾಕಾಗುವುದಿಲ್ಲವೇ?
— ಗಣಿತ ಶಿಕ್ಷಕಿ, ಶಿರಸಿ

ಉತ್ತರ: ಎರಡನೆಯ ಸಂದೇಹವನ್ನು ಮೊದಲು ಪರಿಹರಿಸೋಣ. ಘಾತಾಂಕ ಅವಿಭಾಜ್ಯವಾಗಿರುವುದು ಅಗತ್ಯ, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವಾದರೂ 2¹¹−1, ಅಂದರೆ 2047, 23 ಮತ್ತು 89ರ ಗುಣಲಬ್ಧ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್, 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಬರುವಂಥ ಘಾತಾಂಕಗಳ ಪಟ್ಟಿಯೊಂದನ್ನು ಪ್ರಕಟಿಸಿದಾಗ 31ನ್ನು ಸರಿಯಾಗಿಯೇ ಸೇರಿಸಿದ್ದರು, ಆದರೆ 67 ಮತ್ತು 257ನ್ನು ಸೇರಿಸಿ ತಪ್ಪಿದ್ದರು.

ನೇರ ದಾರಿಯಲ್ಲಿ ಹೋದರೆ ಈ ಸಂಖ್ಯೆಯ ವರ್ಗಮೂಲವಾದ ಸುಮಾರು 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ಸುಮಾರು 4,800 ಇವೆ. ಸಂಖ್ಯೆಯ ರೂಪವೇ ಈ ಶ್ರಮವನ್ನು ತಗ್ಗಿಸುತ್ತದೆ, ಮತ್ತು ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ ಭಾಗ. q ಎಂಬ ಅವಿಭಾಜ್ಯವು 2³¹−1ನ್ನು ಭಾಗಿಸುತ್ತದೆಂದು ಭಾವಿಸಿ. ಆಗ 2³¹ನ್ನು qನಿಂದ ಭಾಗಿಸಿದರೆ ಶೇಷ 1. ಶೇಷ 1 ಬರುವ ಅತಿ ಚಿಕ್ಕ ಘಾತಾಂಕವು 31ನ್ನು ಭಾಗಿಸಲೇಬೇಕು. 31 ಅವಿಭಾಜ್ಯವಾದ್ದರಿಂದ ಆ ಘಾತಾಂಕ 1 ಅಥವಾ 31 ಆಗಬೇಕು; ಘಾತಾಂಕ 1 ಆದರೆ ಶೇಷ 2 ಬರುವುದರಿಂದ ಅದು 31ನ್ನು ಬಿಟ್ಟು ಬೇರೆಯಾಗಲಾರದು. ಇತ್ತ ಫರ್ಮಾನ ಪ್ರಮೇಯದ ಪ್ರಕಾರ q−1ನೇ ಘಾತಕ್ಕೂ ಶೇಷ 1 ಬರುವುದರಿಂದ 31 ಎಂಬುದು q−1ನ್ನು ಭಾಗಿಸುತ್ತದೆ. q ಬೆಸವಾದ್ದರಿಂದ 62 ಕೂಡ ಭಾಗಿಸುತ್ತದೆ. ಇನ್ನೊಂದು ನಿರ್ಬಂಧವೂ ಇದೆ: 2³² ಎಂಬುದು 2¹⁶ರ ವರ್ಗ, ಅದನ್ನು qನಿಂದ ಭಾಗಿಸಿದಾಗ ಉಳಿಯುವುದು 2, ಹೀಗೆ 2 ಒಂದು ವರ್ಗದ ಶೇಷವಾಗಬೇಕಾದರೆ qನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಕೂಡಿಸಿದರೆ q ಎಂಬುದು 248n+1 ಅಥವಾ 248n+63 ಎಂಬ ರೂಪದಲ್ಲಿ ಮಾತ್ರ ಇರಬಲ್ಲದು. 46,340ರೊಳಗೆ ಅಂಥ ಸಂಖ್ಯೆಗಳು, 1 ಮತ್ತು 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲಿಯೂ ಅವಿಭಾಜ್ಯವಾದವನ್ನಷ್ಟೇ ಪರೀಕ್ಷಿಸಿದರೆ ಸಾಕು. ಯಾವುದೂ ಭಾಗಿಸಲಿಲ್ಲ. ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರ್ ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡಿದ್ದರು ಎಂಬುದನ್ನು ನೆನೆದರೆ ಈ ಕೆಲಸದ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಈ ಫಲದಿಂದ ಯೂಕ್ಲಿಡನ ಸೂತ್ರದಂತೆ 2³⁰×(2³¹−1), ಅಂದರೆ 2305843008139952128, ಒಂದು ಪರಿಪೂರ್ಣ ಸಂಖ್ಯೆ ಎಂಬುದೂ ಸಿದ್ಧವಾಯಿತು: ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತವೇ ಅದು.

ಪ್ರಶ್ನೆ: 2³¹−1 ಎಂಬ ಇದೇ ಸಂಖ್ಯೆಯನ್ನು ಎರಡು ಪೂರ್ಣ ವರ್ಗಗಳ ಮೊತ್ತವಾಗಿ ಬರೆಯಬಹುದೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಸಾಧ್ಯವಿಲ್ಲ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1, ಆದ್ದರಿಂದ ಎರಡು ವರ್ಗಗಳ ಮೊತ್ತದ ಶೇಷ 0, 1 ಅಥವಾ 2 ಆಗಬಹುದೇ ಹೊರತು 3 ಆಗುವುದಿಲ್ಲ. 2³¹ ಎಂಬುದು 4ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ, ಅದರಿಂದ 1ನ್ನು ಕಳೆದಾಗ ಉಳಿಯುವ ಶೇಷ 3.