ಅಮೆರಿಕದ ರಾಜ್ಯಗಳು ಕಪ್ಪು ವರ್ಣೀಯರ ಆರ್ಥಿಕ ಸಮಾನತೆಗಾಗಿ ಮಾಡಿರುವ ಕಾನೂನುಗಳು ನಮ್ಮ ಮೀಸಲಾತಿ ಥರವೇ? ಅವುಗಳಿಂದ ಉಪಯೋಗ ಆಗಿದೆಯಾ?

ನಾನಿರುವುದು ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ಪಕ್ಕ. ಇಲ್ಲಿನ ಎರಡು ಕಾನೂನುಗಳ ಬಗ್ಗೆ ಹೇಳುತ್ತೇನೆ.

ನಮ್ಮ ಮೀಸಲಾತಿ ಥರ ಅಲ್ಲ. ‘ಇಷ್ಟು ಪಾಲು ಇಂಥ ಜನಾಂಗಕ್ಕೆ’ ಅಂತ ನೇರವಾಗಿ ಬರೆದರೆ ಇಲ್ಲಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದವರು ಗುತ್ತಿಗೆ ಕೆಲಸದಲ್ಲಿ 30% ಕಪ್ಪು ವರ್ಣೀಯರಂಥ ಜನಾಂಗೀಯ ಅಲ್ಪಸಂಖ್ಯಾತರ ಕಂಪನಿಗಳಿಗೆ ಕೊಡಬೇಕು ಅಂದಿದ್ದರು. 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.

ಅದಕ್ಕೇ ಗಾಂಜಾ ಮಾರಾಟಕ್ಕೆ ಅನುಮತಿ ಕೊಟ್ಟ ಇಲಿನಾಯ್‌ನ 2019ರ ಕಾಯ್ದೆ, ಯಾರಿಗೆ ಹೆಚ್ಚುವರಿ ಅನುಕೂಲ ಅನ್ನುವುದನ್ನು ಬಣ್ಣ ನೋಡಿ ತೀರ್ಮಾನಿಸಲಿಲ್ಲ. ಗಾಂಜಾ ಕೇಸುಗಳು ಜಾಸ್ತಿ ಬಿದ್ದ ಬಡ ಬಡಾವಣೆಯಲ್ಲಿ ಹಿಂದಿನ 10 ವರ್ಷದಲ್ಲಿ 5 ವರ್ಷ ಇದ್ದವರು, ಅಥವಾ ಸಣ್ಣಪುಟ್ಟ ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದವರು 51% ಮಾಲೀಕರಾಗಿದ್ದರೆ ಅಂಗಡಿ ಲೈಸೆನ್ಸ್ ಅರ್ಜಿಗೆ ಹೆಚ್ಚುವರಿ ಅಂಕ ಸಿಗುತ್ತಿತ್ತು. ಹೀಗೆ ಕಪ್ಪು ವರ್ಣೀಯರಿಗೆ ಅನುಕೂಲ ತಲುಪಿಸುವ ಯೋಚನೆ ಚೆನ್ನಾಗಿಯೇ ಇತ್ತು. ಆದರೆ 2020ರ ಜನವರಿ 1ಕ್ಕೆ ಮಾರಾಟ ಶುರುವಾದಾಗ ಬಾಗಿಲು ತೆರೆದವರು ಆಗಲೇ ವೈದ್ಯಕೀಯ ಗಾಂಜಾ ಮಾರುತ್ತಿದ್ದ ಕಂಪನಿಗಳು. ಹೊಸಬರಿಗೆ ಅರ್ಜಿ, ಕೋರ್ಟ್ ಕೇಸು, ಲಾಟರಿ. ಲೈಸೆನ್ಸ್ ಕೈಗೆ ಬಂದಿದ್ದು 2022ರಲ್ಲಿ. ಅಷ್ಟೊತ್ತಿಗೆ ಒಳ್ಳೆ ಜಾಗ, ಗಿರಾಕಿ ಎಲ್ಲಾ ಬೇರೆಯವರ ಪಾಲಾಗಿತ್ತು. ಕೇಂದ್ರದ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧವಾಗಿದ್ದರಿಂದ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದವು. ಬಾಡಿಗೆ, ಸಂಬಳದ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವ ಹಾಗೂ ಇರಲಿಲ್ಲ! ಮನೆಯಲ್ಲಿ ದುಡ್ಡಿಲ್ಲದವನು ಎಷ್ಟು ದಿನ ಕಾಯುತ್ತಾನೆ ಹೇಳಿ?

ನನ್ನ ಪ್ರಕಾರ ನಿಜವಾಗಿ ಕೈಗೆ ಹತ್ತಿದ್ದು ಇನ್ನೊಂದು ಕಾನೂನು. ಕಪ್ಪು ವರ್ಣೀಯ ಶಾಸಕರ ‘ಬ್ಲ್ಯಾಕ್ ಕಾಕಸ್’ ಗುಂಪು ಪಟ್ಟು ಹಿಡಿದು ಮಾಡಿಸಿದ್ದು. 2021ರ ಮಾರ್ಚ್‌ನಿಂದ ಸಾಲದ ಕಂಪನಿಗಳು ಜನರಿಗೆ ಕೊಡುವ ಸಣ್ಣ ಸಾಲದ ಬಡ್ಡಿ ವರ್ಷಕ್ಕೆ 36% ದಾಟುವಂತಿಲ್ಲ. ಅದಕ್ಕೆ ಮುಂಚೆ ಸಂಬಳದ ಮೇಲೆ ಕೊಡುವ ಸಾಲಕ್ಕೆ, ಅಂದರೆ ಪೇಡೇ ಲೋನಿಗೆ, ಸರಾಸರಿ 297% ಇತ್ತು. ನಮ್ಮೂರಿನ ಮೀಟರ್ ಬಡ್ಡಿ ಅಲ್ವಾ ಇದು? ಲೆಕ್ಕ ಹಾಕಿ ನೋಡಿ: 500 ಡಾಲರ್‌ಗೆ ಎರಡು ವಾರಕ್ಕೆ ಸುಮಾರು 57 ಡಾಲರ್ ಬಡ್ಡಿ. ಈಗ 7 ಡಾಲರ್ ಕೂಡ ಆಗುವುದಿಲ್ಲ. ಇಂಥ ಸಾಲದ ಅಂಗಡಿಗಳು ಕಪ್ಪು ವರ್ಣೀಯರ ಬಡಾವಣೆಗಳಲ್ಲೇ ಜಾಸ್ತಿ ಇದ್ದವು. ಹಾಗಾಗಿ ಯಾರ ಹೆಸರನ್ನೂ ಹೇಳದೆ ಅನುಕೂಲ ಅವರಿಗೇ ಮೊದಲು ತಲುಪಿತು. ಅರ್ಜಿ ಹಾಕಬೇಕಾಗಿಲ್ಲ, ವಕೀಲರನ್ನು ಹಿಡಿಯಬೇಕಾಗಿಲ್ಲ.

ಸಾಲದ ಕಂಪನಿಗಳು ಬಾಗಿಲು ಹಾಕಿದ ಮೇಲೆ ತುರ್ತಿಗೆ ಸಣ್ಣ ಸಾಲ ಹುಟ್ಟುವುದು ಕಷ್ಟ ಅನ್ನುವವರೂ ಇದ್ದಾರೆ. ಅದು ಪೂರ್ತಿ ಸುಳ್ಳೂ ಅಲ್ಲ.