ಸೂ ಶೆಫ್ ಆಗಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಹೊರದೇಶಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಕಿಚನ್‌ನಲ್ಲಿ ಗ್ರಿಲ್ ನೋಡಿಕೊಳ್ಳುತ್ತಿದ್ದೇನೆ, ಈಗ ಸೂ ಶೆಫ್, ಅಂದರೆ ಮುಖ್ಯ ಶೆಫ್ ಆದ ಮೇಲೆ ಎರಡನೆಯವನು, ಆಗುತ್ತೀಯಾ ಅಂತ ಕೇಳುತ್ತಿದ್ದಾರೆ ಎಂದು ಬರೆದಿದ್ದೀಯ. ಒಪ್ಪಿಕೊಳ್ಳಲಾ, ಸಂಬಳ, ಮನೆ, ಚಳಿ, ಭಾಷೆ ಎಲ್ಲ ಹೇಗೆ ಅಂತಲೂ ಕೇಳಿದ್ದೀಯ.

ಚಳಿ ಅಭ್ಯಾಸವಾಗುತ್ತದೆ. ಮನೆ ಮಾತ್ರ ನಡೆದು ಹೋಗುವಷ್ಟು ಹತ್ತಿರ ಹಿಡಿ. ಕೆಲಸ ಮುಗಿಯುವ ಹೊತ್ತಿಗೆ ಎಷ್ಟೋ ಕಡೆ ಬಸ್ ಇರುವುದಿಲ್ಲ. ಸಂಬಳ ತಿಂಗಳ ಲೆಕ್ಕವಾದರೆ ಓವರ್‌ಟೈಮ್ ಕೊಡುತ್ತಾರಾ ಅಂತ ಮೊದಲೇ ಕೇಳು. ಗಂಟೆ ಲೆಕ್ಕದಲ್ಲಿ ದುಡಿಯುವ ಕುಕ್‌ಗಿಂತ ಸೂ ಶೆಫ್ ಕೈಗೆ ಕಡಿಮೆ ಬೀಳುವ ಕಿಚನ್‌ಗಳೂ ಇವೆ.

ಇನ್ನು ಕೆಲಸದ ಮಾತು. ನಾನು ಬಂದ ಹೊಸದರಲ್ಲಿ ನಮ್ಮ ಸೂ ಶೆಫ್ ಒಬ್ಬ ಹೆಂಗಸು. ಸರ್ವಿಸ್ ಶುರುವಾದರೆ ಪ್ಯಾನ್ ಮುಟ್ಟುತ್ತಿರಲಿಲ್ಲ. ಪಾಸ್ ಹತ್ತಿರ, ಅಂದರೆ ತಯಾರಾದ ಪ್ಲೇಟ್ ವೇಟರ್ ಕೈಗೆ ಹೋಗುವ ಕಟ್ಟೆಯ ಹತ್ತಿರ, ನಿಂತು ಆರ್ಡರ್ ಟಿಕೆಟ್ ಓದಿ ಕೂಗುವುದು, ಸಾಸ್ ರುಚಿ ನೋಡುವುದು, ಪ್ಲೇಟಿನ ಅಂಚು ಒರೆಸುವುದು, ಅಷ್ಟೇ. ಆದರೆ ಒಂದೇ ಟೇಬಲ್‌ನ ಮೀನೂ ಸ್ಟೀಕೂ ಒಟ್ಟಿಗೆ ಬರಬೇಕಾದರೆ ಯಾರು ಯಾವಾಗ ಶುರು ಮಾಡಬೇಕು ಅನ್ನುವ ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ಈ ಶಿಸ್ತನ್ನು ಗಟ್ಟಿ ಮಾಡಿದವರು ಫ್ರೆಂಚ್ ಶೆಫ್ ಆಗಸ್ಟ್ ಎಸ್ಕೋಫಿಯೆ. ಫ್ರೆಂಚ್ ಸೈನ್ಯದಲ್ಲಿ ಅಡುಗೆ ಮಾಡಿ, 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದವರು. ಆ ಸೈನ್ಯದಿಂದಲೇ ಇರಬೇಕು, ಕಿಚನ್ ಭಾಷೆ ಇಷ್ಟು ಚಿಕ್ಕದು. ‘ಬಿಹೈಂಡ್’, ‘ಹಾಟ್’, ‘ಹೌ ಲಾಂಗ್’, ‘ಯೆಸ್ ಶೆಫ್’. ಅಷ್ಟು ಬಂದರೆ ರಾತ್ರಿ ಕಳೆಯುತ್ತದೆ. ಕಷ್ಟ ಇರುವುದು ಹಗಲಿನ ಭಾಷೆಯಲ್ಲಿ. ಮೀನು ತಂದವನ ಜೊತೆ ಜಗಳವಾಡಿ ವಾಪಸ್ ಕಳಿಸಬೇಕು. ಫ್ರಿಜ್ 5 ಡಿಗ್ರಿ ಮೀರಿದೆಯಾ, ಡಬ್ಬಿಗಳ ಮೇಲೆ ತಾರೀಖು ಇದೆಯಾ, ಹಳೆಯದು ಮುಂದೆ ಇದೆಯಾ ನೋಡಬೇಕು. ಯುರೋಪಿನ ನಿಯಮದಲ್ಲಿ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿ 14 ಇವೆ. ಇದರಲ್ಲಿ ಎಳ್ಳು ಇದೆಯಾ ಅಂತ ವೇಟರ್ ಕೇಳಿದರೆ ‘ಇಲ್ಲ ಅನ್ಸತ್ತೆ’ ಅನ್ನುವ ಹಾಗಿಲ್ಲ.

ದೊಡ್ಡವರ ಮುಂದೆ ನಾವು ಹೇಗಿರುತ್ತೇವೆ ಅಂತ ನಿನಗೆ ನಾನು ಹೇಳಬೇಕಾ? ಅದನ್ನು ಸ್ವಲ್ಪ ಬಿಡಬೇಕಾಗುತ್ತದೆ. ಶೆಫ್ ಹೊಸ ಐಟಂ ತಂದರು, ಅದರ ಕೆಲಸವೆಲ್ಲ ಒಂದೇ ಸ್ಟೇಷನ್ ಮೇಲೆ, ನಿನ್ನ ಗ್ರಿಲ್‌ನಂಥ ಒಂದೇ ಜಾಗದ ಮೇಲೆ, ಬೀಳುತ್ತದೆ ಅಂದುಕೋ. ಶನಿವಾರ ರಾತ್ರಿ ಅಲ್ಲಿರುವ ಹುಡುಗ ಮುಳುಗುತ್ತಾನೆ. ಅದನ್ನು ಅವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳಬೇಕಾದವನು ನೀನೇ. ಬಾಗಿಲು ಹಾಕಿಕೊಂಡು, ಸರ್ವಿಸ್‌ಗೆ ಮುಂಚೆ. ಅವರು ಕೇಳಲಿಲ್ಲವೋ, ಪಾಸ್‌ನಲ್ಲಿ ಅವರ ಮಾತೇ ನಿನ್ನ ಮಾತು. ಹುಡುಗರ ಎದುರು ‘ನನಗೂ ಇಷ್ಟವಿರಲಿಲ್ಲ’ ಅಂತ ಒಂದು ಸಲ ಬಾಯಿ ಬಿಟ್ಟರೆ ಇಬ್ಬರ ಹಿಡಿತವೂ ಹೋಯಿತು.

ನನ್ನನ್ನು ಈಗಲೂ ಕಾಡುವುದು ಬೇರೆ. ಇಲ್ಲಿ ನನಗೆ ನೆಂಟರು ಅಂತ ಇದ್ದದ್ದು ಲೈನ್‌ನಲ್ಲಿ, ಅಂದರೆ ಒಲೆಗಳ ಸಾಲಿನಲ್ಲಿ, ಜೊತೆಗೆ ನಿಂತವರೇ. ಒಂದೇ ರೂಮಿನಲ್ಲಿ ಮಲಗಿದವರು, ಜ್ವರ ಬಂದರೆ ಗಂಜಿ ಕೊಟ್ಟವರು. ನಾನು ಸೂ ಶೆಫ್ ಆದ ವಾರವೇ ರೋಟಾ ಬರೆಯುವ ಕೆಲಸ ನನ್ನ ಕೈಗೆ ಬಂತು. ರಜೆ ಯಾರಿಗೆ, ಡಬಲ್ ಶಿಫ್ಟ್ ಯಾರಿಗೆ ಅಂತ ಬರೆಯುವವನ ಜೊತೆ ಯಾರು ಮನಸ್ಸು ಬಿಚ್ಚಿ ಮಾತಾಡುತ್ತಾರೆ ಹೇಳು? ಸ್ಟಾಫ್ ಊಟಕ್ಕೆ ನಾನು ಹೋಗಿ ಕೂತರೆ ನಗು ನಿಲ್ಲುತ್ತಿತ್ತು. ಯಾರೂ ಕೆಟ್ಟವರಲ್ಲ, ನಾನೂ ಅನ್ಯಾಯ ಮಾಡಿರಲಿಲ್ಲ. ವಾರ ಪೂರ್ತಿ ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿಕೊಡುತ್ತಿದ್ದರು, ಅದಕ್ಕಿಂತ ಒಂದು ಮಾತು ಜಾಸ್ತಿ ಇಲ್ಲ. ಆಗ ರಜಾ ದಿನ ಬಂದರೆ ಹಿಂಸೆಯಾಗುತ್ತಿತ್ತು. ಅದಕ್ಕೇ ಹೇಳುವುದು, ಕಿಚನ್ ಹೊರಗೆ ನಾಲ್ಕು ಜನರನ್ನು ಈಗಲೇ ಮಾಡಿಕೋ. ಮಾತಾಡುವಾಗ ಶೆಫ್ ಅನ್ನದೆ ಹೆಸರು ಹಿಡಿದು ಕರೆಯುವವರು ಬೇಕು.

ಕೆಲಸ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ತುಂಬಿದ ರಾತ್ರಿ ಒಂದು ಪ್ಲೇಟೂ ವಾಪಸ್ ಬರದಿದ್ದರೆ ಆಗುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಆದರೆ ಒಪ್ಪುವ ಮುಂಚೆ ಕೇಳು: ರೋಟಾ ಬರೆಯುವುದು ನಾನಾ, ಶೆಫ್ ರಜೆಯಲ್ಲಿದ್ದರೆ ಸಾಮಾನಿನ ಆರ್ಡರ್ ಹಾಕುವುದು ಯಾರು? ಎರಡೂ ನಿನಗಿಲ್ಲ ಅಂದರೆ ಅದು ಹೆಸರಿಗೆ ಮಾತ್ರ ಸೂ ಶೆಫ್. ಅದಕ್ಕಿಂತ ಗ್ರಿಲ್‌ನಲ್ಲೇ ಇನ್ನೊಂದು ವರ್ಷ ಇರು. ಎರಡೂ ಇದೆ ಅಂದರೆ, ವೀಸಾ ಕಾಗದದಲ್ಲಿ ಹುದ್ದೆ ಬದಲಾಗಬೇಕಾ ಅಂತ ಅವರ ಕೈಲಿ ಬರೆಸಿಕೊಂಡೇ ಸಹಿ ಹಾಕು.